ಚೆಂಡು ಬರುವ ಮುಂಚೆಯೇ ಶುರುವಾಗುವ ಆಟ: ಪೆದ್ರಿಯನ್ನು ನೋಡಿ ಮಿಡ್‌ಫೀಲ್ಡ್ ಕಲಿಯುವ ಕ್ರಮ

2021ರ ಜುಲೈ 6ರಂದು ಲಂಡನ್ನಿನ ವೆಂಬ್ಲಿಯಲ್ಲಿ ಸ್ಪೇನ್ ಮತ್ತು ಇಟಲಿ ನಡುವೆ ಯೂರೋ, ಅಂದರೆ ಯುರೋಪಿನ ದೇಶಗಳ ಫುಟ್ಬಾಲ್ ಟೂರ್ನಿಯ ಸೆಮಿಫೈನಲ್ ನಡೆಯಿತು. ಸ್ಪೇನಿನ ಮಿಡ್‌ಫೀಲ್ಡರ್, ಅಂದರೆ ಮೈದಾನದ ನಡುಭಾಗದ ಆಟಗಾರ, ಹದಿನೆಂಟರ ಹರೆಯದ ಪೆದ್ರಿ ಆ ಪಂದ್ಯದಲ್ಲಿ 66 ಪಾಸ್ ಕೊಟ್ಟರು, 65 ಗುರಿ ಮುಟ್ಟಿದವು. ಸ್ಪೇನ್ ಪೆನಾಲ್ಟಿಯಲ್ಲಿ ಸೋತಿತು. ಎಂಟು ದಿನ ಮುಂಚೆ ಕೋಪನ್‌ಹೇಗನ್ನಿನಲ್ಲಿ ಕ್ರೊಯೇಷಿಯಾ ವಿರುದ್ಧ ಅದೇ ಪೆದ್ರಿ ದೂರದಿಂದ ಗೋಲ್‌ಕೀಪರ್‌ಗೆ ಹಿಂದಕ್ಕೆ ಕೊಟ್ಟ ಚೆಂಡು ಕೀಪರ್ ಕಾಲಡಿ ಜಾರಿ ಬಲೆ ಸೇರಿತ್ತು. ದಾಖಲೆಯಲ್ಲಿ ಅದು ಪೆದ್ರಿಯ ಸ್ವಂತ ಗೋಲು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಆಟಗಾರನ ಬಗ್ಗೆ ಏನೂ ಅರ್ಥವಾಗುವುದಿಲ್ಲ. ಮಿಡ್‌ಫೀಲ್ಡರನ ಕೆಲಸದ ಬಹುಪಾಲು ಚೆಂಡು ಕಾಲಿಗೆ ಬರುವ ಮುಂಚೆಯೇ ಮುಗಿದಿರುತ್ತದೆ. ಅಂಕಿಪಟ್ಟಿ ಶುರುವಾಗುವುದು ಚೆಂಡು ಬಂದ ಮೇಲೆ.

ಹಾಗಾಗಿ ಈ ಬರಹದಲ್ಲಿ ಮೂರು ಕೆಲಸಗಳಿವೆ. ಪರದೆಯ ಮೇಲೆ ಪೆದ್ರಿಯನ್ನು ಹೇಗೆ ನೋಡಬೇಕು, ನೋಡಿದ್ದನ್ನು ಮೈದಾನದಲ್ಲಿ ಹೇಗೆ ಅಭ್ಯಾಸ ಮಾಡಬೇಕು, ಅವರ ದೇಹ ಪಟ್ಟ ಪಾಡಿನಿಂದ ಎಳೆಯ ಆಟಗಾರರ ನಿಮಿಷಗಳ ಲೆಕ್ಕವನ್ನು ಹೇಗೆ ಇಡಬೇಕು. ಹದಿನಾಲ್ಕು ದಾಟಿದ ಆಟಗಾರರು, ಅವರ ಕೋಚ್‌ಗಳು ಮತ್ತು ಅಪ್ಪ ಅಮ್ಮಂದಿರನ್ನು ಮನಸ್ಸಿನಲ್ಲಿಟ್ಟು ಬರೆದದ್ದು.

ಮೊದಲು ದಾರಿ ತಿಳಿದಿರಲಿ

ಪೂರ್ಣ ಹೆಸರು ಪೆದ್ರೊ ಗೊನ್ಸಾಲೆಸ್ ಲೋಪೆಸ್. ಹುಟ್ಟಿದ್ದು 2002ರ ನವೆಂಬರ್ 25, ಕ್ಯಾನರಿ ದ್ವೀಪಗಳಲ್ಲೊಂದಾದ ತೆನೆರೀಫೆಯ ತೆಗೆಸ್ತೆ ಎಂಬ ಊರಿನಲ್ಲಿ. ಬಾರ್ಸಿಲೋನಾದ ಲಾ ಮಾಸಿಯಾ ಅಕಾಡೆಮಿಯಲ್ಲಿ ಬೆಳೆದವರೆಂದು ಹಲವರು ತಿಳಿದಿದ್ದಾರೆ, ಅದು ತಪ್ಪು. ಊರಿನ ಕ್ಲಬ್, ಆಮೇಲೆ ಹುವೆಂತುದ್ ಲಾಗುನಾ, 2018ರಲ್ಲಿ ಲಾಸ್ ಪಾಲ್ಮಾಸ್. ಅದೇ ವರ್ಷ ರಿಯಲ್ ಮ್ಯಾಡ್ರಿಡ್‌ನ ಆಯ್ಕೆ ಪರೀಕ್ಷೆಗೂ ಹೋಗಿದ್ದರು. ಹಿಮ ಬಿದ್ದು ಅಭ್ಯಾಸವೇ ಸರಿಯಾಗಿ ನಡೆಯದ ಆ ದಿನಗಳ ಬಳಿಕ ಅವರನ್ನು ತೆಗೆದುಕೊಳ್ಳಲಿಲ್ಲ.

ಕಲಿಯುವವರು ಗಮನಿಸಬೇಕಾದ ವರ್ಷ 2019–20. ಲಾಸ್ ಪಾಲ್ಮಾಸ್ ಆಗ ಸ್ಪೇನಿನ ಎರಡನೇ ದರ್ಜೆಯಲ್ಲಿತ್ತು. ಕೋಚ್ ಪೆಪೆ ಮೆಲ್ ಹದಿನಾರರ ಹುಡುಗನನ್ನು ಮೊದಲ ತಂಡಕ್ಕೆ ಇಳಿಸಿದರು. ಆ ಋತುವಿನಲ್ಲಿ ಪೆದ್ರಿ ಮೂವತ್ತಕ್ಕೂ ಹೆಚ್ಚು ಪಂದ್ಯ ಆಡಿದರು. ಎದುರಿಗೆ ಇದ್ದವರು ಇಪ್ಪತ್ತೆಂಟು, ಮೂವತ್ತು ವಯಸ್ಸಿನ, ಮೈ ತಾಗಿಸಿ ಆಡುವ ಡಿಫೆಂಡರ್‌ಗಳು. ಅಂಥವರ ಕೈಗೆ ಸಿಗದೆ ಬದುಕಬೇಕಾದರೆ ಚೆಂಡು ಬರುವ ಮೊದಲೇ ಜಾಗ ನೋಡಿಕೊಳ್ಳಲೇಬೇಕು. ದೊಡ್ಡ ಅಕಾಡೆಮಿಯ ಕಿರಿಯರ ತಂಡದಲ್ಲಿ ಮಿಂಚುವುದಕ್ಕಿಂತ ಸಣ್ಣ ಕ್ಲಬ್ಬಿನ ಹಿರಿಯರ ತಂಡದಲ್ಲಿ ಪೂರ್ತಿ ಆಡುವುದು ಮಿಡ್‌ಫೀಲ್ಡರನಿಗೆ ಹೆಚ್ಚು ಕಲಿಸುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕಾಲು ಬಲಿಯುವ ಮುಂಚೆ ಹಾಗೆ ಆಡಿಸುವುದರ ಅಪಾಯವೂ ಇದೆ, ಅದು ಕೊನೆಯ ಭಾಗದಲ್ಲಿ ಬರುತ್ತದೆ.

2019ರ ಸೆಪ್ಟೆಂಬರಿನಲ್ಲೇ ಬಾರ್ಸಿಲೋನಾ 50 ಲಕ್ಷ ಯೂರೋ ಮೂಲ ಬೆಲೆ, ಮೇಲೆ ಷರತ್ತಿನ ಮೊತ್ತ ಎಂದು ಒಪ್ಪಂದ ಮಾಡಿಕೊಂಡಿತು. ಆದರೆ ಹುಡುಗ ಒಂದು ವರ್ಷ ಲಾಸ್ ಪಾಲ್ಮಾಸ್‌ನಲ್ಲೇ ಆಡಿ 2020ರ ಜುಲೈಯಲ್ಲಿ ಬರುವುದೆಂದಾಯಿತು. ಷರತ್ತಿನ ಮೊತ್ತವೆಂದರೆ ಇಷ್ಟು ಪಂದ್ಯ ಆಡಿದರೆ ಇಷ್ಟು, ಇಂಥದ್ದು ಗೆದ್ದರೆ ಇಷ್ಟು ಎಂದು ಆಮೇಲೆ ಸೇರುವ ಹಣ. ಪತ್ರಿಕೆಗಳಲ್ಲಿ ಒಬ್ಬನೇ ಆಟಗಾರನ ಬೆಲೆ ಬೇರೆ ಬೇರೆಯಾಗಿ ಕಾಣುವುದು ಇದರಿಂದ. ಹಾಗೆಯೇ 2021ರ ಅಕ್ಟೋಬರ್ ಒಪ್ಪಂದದಲ್ಲಿ ಬಂದ 100 ಕೋಟಿ ಯೂರೋ ಅವರ ಬೆಲೆಯಲ್ಲ, ಸಂಬಳವೂ ಅಲ್ಲ. ಒಪ್ಪಂದ ಮುಗಿಯುವ ಮುಂಚೆ ಆಟಗಾರ ಅದನ್ನು ಮುರಿದು ಹೊರಡಬೇಕಾದರೆ ಕಟ್ಟಬೇಕಾದ ಮೊತ್ತ. ಸ್ಪೇನಿನಲ್ಲಿ ಇಂಥ ಮೊತ್ತ ಬರೆಯುವುದು ರೂಢಿ. ಯಾರೂ ಕಟ್ಟಲಾರದಷ್ಟು ಬರೆದರೆ ಬಾಗಿಲು ಮುಚ್ಚಿದಂತೆ. 2025ರ ಜನವರಿಯಲ್ಲಿ ಒಪ್ಪಂದ 2030ರವರೆಗೆ ಮುಂದುವರಿಯಿತು.

ಪರದೆಯ ಮೇಲೆ ನೋಡುವುದು

ಸ್ಪೇನಿನಲ್ಲಿ ರಾತ್ರಿ 9ಕ್ಕೆ ಶುರುವಾಗುವ ಪಂದ್ಯ ನಮಗೆ ಬೇಸಿಗೆ ಸಮಯದಲ್ಲಿ ನಡುರಾತ್ರಿ 12:30, ಅಕ್ಟೋಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ 1:30. ನಿದ್ದೆಗಣ್ಣಿನಲ್ಲಿ ಎಣಿಕೆ ಮಾಡಬೇಡಿ. ಕೆಲಸಕ್ಕೆ ಮರುಪ್ರಸಾರವೇ ಒಳ್ಳೆಯದು, ಏಕೆಂದರೆ ನಿಲ್ಲಿಸಿ ಹಿಂದಕ್ಕೆ ಹೋಗಬಹುದು.

ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿಕೊಳ್ಳಿ: ನೋಟ, ಮೈ ತಿರುವು, ಮುಂದಿನ ಪಾಸ್ (ಚೆಂಡು ಹಿಡಿದ ಮೇಲೆ ಎಲ್ಲಿಗೆ ಕೊಟ್ಟರು), ಚೆಂಡು ಹೋದದ್ದು (ಎದುರಾಳಿಗೆ ಕಳೆದುಕೊಂಡದ್ದು). ಪಂದ್ಯ ಪೂರ್ತಿ ಎಣಿಸಲು ಹೋದರೆ ಅರ್ಧ ಗಂಟೆಯಲ್ಲಿ ಗಮನ ಚದುರುತ್ತದೆ. ಮೊದಲಾರ್ಧದ 10ರಿಂದ 25ನೇ ನಿಮಿಷ, ಎರಡನೇ ಅರ್ಧದ 60ರಿಂದ 75ನೇ ನಿಮಿಷ, ಇಷ್ಟು ಸಾಕು. ಮೊದಲನೆಯದು ದಣಿಯದ ಕಾಲಿನ ಆಟ, ಎರಡನೆಯದು ದಣಿದ ಕಾಲಿನದು. ಈ ಎರಡರ ನಡುವಿನ ವ್ಯತ್ಯಾಸವೇ ಆಟಗಾರನ ಗಟ್ಟಿತನ ಹೇಳುತ್ತದೆ.

ನೋಟ ಎಂದರೆ ಚೆಂಡಿನ ಕಡೆಯಿಂದ ಮುಖ ಬೇರೆಡೆಗೆ ತಿರುಗಿ ಮತ್ತೆ ಚೆಂಡಿನತ್ತ ಬರುವುದು. ಒಮ್ಮೆ ಹೋಗಿ ಬಂದರೆ ಒಂದು ಗೆರೆ. ಪೆದ್ರಿಗೆ ಚೆಂಡು ಬಂದ ಕ್ಷಣದಲ್ಲಿ ಪರದೆ ನಿಲ್ಲಿಸಿ, ಹತ್ತು ಸೆಕೆಂಡು ಹಿಂದಕ್ಕೆ ಹೋಗಿ, ಆ ಹತ್ತು ಸೆಕೆಂಡಿನಲ್ಲಿ ಎಷ್ಟು ನೋಟ ಎಂದು ಎಣಿಸಿ. ನಾರ್ವೆಯ ಸಂಶೋಧಕ ಗೈರ್ ಯೂರ್ಡೆಟ್ ಆಟಗಾರರ ನೋಟವನ್ನು ಎಣಿಸಿದ್ದೂ ಚೆಂಡು ಬರುವ ಮುಂಚಿನ ಇಂಥ ಕೆಲವೇ ಸೆಕೆಂಡುಗಳಲ್ಲಿ. ಕ್ಯಾಮೆರಾ ಹತ್ತಿರಕ್ಕೆ ಹೋಗಿ ಪೆದ್ರಿ ಚೌಕಟ್ಟಿನಿಂದ ಹೊರಬಿದ್ದಿದ್ದರೆ ಆ ಸಲದ್ದನ್ನು ಬಿಟ್ಟುಬಿಡಿ, ಊಹಿಸಿ ತುಂಬಬೇಡಿ. ರೆಫರಿಯತ್ತ, ಕೋಚ್‌ನತ್ತ ತಿರುಗಿದ್ದನ್ನು ಎಣಿಸಬಾರದು. ಕಣ್ಣು ಮಾತ್ರ ಹೊರಳಿಸಿದ್ದು ಟಿವಿಯಲ್ಲಿ ಕಾಣುವುದಿಲ್ಲ, ಆದ್ದರಿಂದ ನಿಮ್ಮ ಎಣಿಕೆ ಯಾವಾಗಲೂ ನಿಜಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ.

ಎಣಿಕೆಗಿಂತ ಮುಖ್ಯ, ಯಾವಾಗ ನೋಡುತ್ತಾರೆ ಎಂಬುದು. ಚೆಂಡು ಒಬ್ಬನ ಕಾಲಿನಿಂದ ಹೊರಟು ಇನ್ನೊಬ್ಬನನ್ನು ಮುಟ್ಟುವ ನಡುವೆ ಅದರ ದಿಕ್ಕು ಬದಲಾಗುವುದಿಲ್ಲ. ಕಣ್ಣು ತೆಗೆಯಲು ಅದೇ ಸುರಕ್ಷಿತ ಸಮಯ. ಪೆದ್ರಿಯ ನೋಟಗಳು ಹೆಚ್ಚಾಗಿ ಆ ಸಂದಿನಲ್ಲೇ ಬೀಳುತ್ತವೆ. ಡಿಫೆಂಡರ್ ಚೆಂಡು ಮುಟ್ಟುವಾಗ ಕಣ್ಣು ಅವನ ಮೇಲೆ, ಚೆಂಡು ಹೊರಟ ಕೂಡಲೇ ಹೆಗಲ ಮೇಲಿಂದ ಹಿಂದಕ್ಕೆ. ಅಭ್ಯಾಸವಿಲ್ಲದವರು ಮಾಡುವುದು ಉಲ್ಟಾ: ಚೆಂಡು ಉರುಳುವುದನ್ನೇ ಹಿಂಬಾಲಿಸುತ್ತಾರೆ, ಕಾಲಿಗೆ ಬಂದ ಮೇಲೆ ತಲೆ ಎತ್ತುತ್ತಾರೆ.

ಎರಡನೇ ಕಾಲಂ, ಮೈ ತಿರುವು. ಚೆಂಡು ಬರುವಾಗ ಅವರ ಎರಡೂ ಹೆಗಲು ಪಾಸ್ ಕೊಟ್ಟವನ ಕಡೆಗೇ ಇವೆಯೋ, ಅರ್ಧ ತೆರೆದಿವೆಯೋ ನೋಡಿ. ಅರ್ಧ ತೆರೆದು, ದೂರದ ಕಾಲಿನಲ್ಲಿ ಚೆಂಡು ಹಿಡಿದರೆ ಒಂದೇ ಟಚ್‌ನಲ್ಲಿ ಮುಂದಕ್ಕೆ ಮುಖ. ಎಲ್ಲ ಸಲವೂ ಹೀಗೆ ಮಾಡುವುದಿಲ್ಲ ಎಂಬುದನ್ನೂ ಬರೆದುಕೊಳ್ಳಿ. ಬೆನ್ನಿಗೆ ಎದುರಾಳಿ ಅಂಟಿದ್ದಾನೆಂದು ನೋಟದಲ್ಲಿ ಗೊತ್ತಾಗಿದ್ದರೆ ಪೆದ್ರಿ ತಿರುಗಲು ಹೋಗದೆ ಬಂದ ದಾರಿಯಲ್ಲೇ ಒಂದು ಟಚ್‌ನಲ್ಲಿ ಹಿಂದಿರುಗಿಸಿ ಎರಡು ಹೆಜ್ಜೆ ಸರಿಯುತ್ತಾರೆ. ಅದು ಹಿಂಜರಿಕೆಯಲ್ಲ, ಮತ್ತೊಮ್ಮೆ ಚೆಂಡು ಕೇಳುವ ವಿಧಾನ.

ಚೆಂಡು ಹೋದದ್ದು ಎಂಬ ಕಾಲಂನಲ್ಲಿ ಬರಿಯ ಗೆರೆ ಸಾಲದು, ಮುಂದಿನ ಐದು ಸೆಕೆಂಡು ಏನು ಮಾಡಿದರೆಂದು ಒಂದು ಪದ ಬರೆಯಿರಿ. ಪೆದ್ರಿ ಕಳೆದುಕೊಂಡ ಚೆಂಡಿನ ಹಿಂದೆ ತಕ್ಷಣ ಓಡುತ್ತಾರೆ. ಇಷ್ಟು ನಯವಾಗಿ ಆಡುವವರು ಚೆಂಡು ಕಸಿಯುವುದರಲ್ಲೂ ಮುಂದೆ ಎಂಬುದು ಮುಖ್ಯಾಂಶಗಳ ವಿಡಿಯೋಗಳಲ್ಲಿ ಕಾಣಿಸುವುದೇ ಇಲ್ಲ.

ಹೋಲಿಸುವಾಗ ಒಂದು ಎಚ್ಚರ. ಪೆದ್ರಿ ಎಲ್ಲ ಕಾಲದಲ್ಲೂ ಒಂದೇ ಜಾಗದಲ್ಲಿ ಆಡಿಲ್ಲ. ಲಾಸ್ ಪಾಲ್ಮಾಸ್‌ನಲ್ಲಿ ಎಡ ಅಂಚು ಮತ್ತು ಮುಂದಿನ ನಡು, ಲೂಯಿಸ್ ಎನ್ರಿಕೆ ಕೋಚ್ ಆಗಿದ್ದ ಸ್ಪೇನ್ ಮತ್ತು ಶಾವಿ ಕೋಚ್ ಆಗಿದ್ದ ಬಾರ್ಸಿಲೋನಾದಲ್ಲಿ ಮೂವರ ಮಿಡ್‌ಫೀಲ್ಡಿನ ಎಡಗಡೆ, 2024ರಿಂದ ಹಾನ್ಸಿ ಫ್ಲಿಕ್ ಕೈಕೆಳಗೆ ಇಬ್ಬರ ಜೋಡಿಯಲ್ಲಿ ಇನ್ನೂ ಹಿಂದೆ. ಹಿಂದೆ ನಿಂತವನಿಗೆ ಚೆಂಡು ಹೆಚ್ಚು ಸಿಗುತ್ತದೆ, ಎದುರು ಕಾಣುವ ಜಾಗವೂ ಹೆಚ್ಚು. 2022ರ ಹಾಳೆಯನ್ನೂ 2025ರ ಹಾಳೆಯನ್ನೂ ಪಕ್ಕದಲ್ಲಿಟ್ಟು ಪಾಸ್ ಹೆಚ್ಚಾಯಿತು, ಆಟಗಾರ ಸುಧಾರಿಸಿದ ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಜಾಗ ಬದಲಾಗಿದೆ.

ಮೈದಾನದಲ್ಲಿ: ನೋಟದ ಅಭ್ಯಾಸ

ಬೇಕಾದದ್ದು ಮೂವರು, ಒಂದು ಚೆಂಡು, ನಾಲ್ಕು ಕೋನ್. ಪಾಸ್ ಕೊಡುವವರು ಇಬ್ಬರು, ಪರಸ್ಪರ 8 ಮೀಟರ್ ದೂರದಲ್ಲಿ. ಕಲಿಯುವವನು ಅವರಿಂದ 10 ಮೀಟರ್ ಆಚೆ, ತ್ರಿಕೋನದ ತುದಿಯಲ್ಲಿ. ಅವನ ಬೆನ್ನ ಹಿಂದೆ 6 ಮೀಟರ್‌ಗೆ ಎಡಕ್ಕೊಂದು ಬಲಕ್ಕೊಂದು, 2 ಮೀಟರ್ ಅಗಲದ ಬಾಗಿಲು. ನಾಲ್ಕನೆಯವನಿದ್ದರೆ ಅವನು ಹಿಂದೆ ಓಡಾಡುತ್ತಾ ಸದ್ದಿಲ್ಲದೆ ಒಂದು ಬಾಗಿಲನ್ನು ಮುಚ್ಚಿ ನಿಲ್ಲುತ್ತಾನೆ. ಮುಂದಿನ ಇಬ್ಬರು ಒಂದೆರಡು ಸಲ ತಮ್ಮತಮ್ಮಲ್ಲೇ ಪಾಸ್ ಮಾಡಿ, ಯಾವಾಗೆಂದು ಹೇಳದೆ ಕಲಿಯುವವನಿಗೆ ಕೊಡುತ್ತಾರೆ. ಅವನು ತೆರೆದಿರುವ ಬಾಗಿಲಿನತ್ತ ಮೊದಲ ಟಚ್‌ನಲ್ಲೇ ತಿರುಗಬೇಕು. ಹತ್ತು ಸಲ ಆದ ಮೇಲೆ ಜಾಗ ಬದಲಿಸಿ. ಒಬ್ಬೊಬ್ಬರಿಗೆ ಮೂರು ಸುತ್ತು ಸಾಕು.

ಇಲ್ಲಿ ಕೆಡುವುದು ಬಹುತೇಕ ಕೋಚ್‌ನ ಬಾಯಿಂದ. "ನೋಡು, ನೋಡು" ಎಂದು ಕೂಗಿದರೆ ಹುಡುಗ ಕೂಗಿಗೆ ತಲೆ ತಿರುಗಿಸುತ್ತಾನೆ, ಚೆಂಡಿನ ಲಯಕ್ಕಲ್ಲ. ಪಂದ್ಯದಲ್ಲಿ ಕೂಗುವವರಿರುವುದಿಲ್ಲ. ಬಾಯಿ ಮುಚ್ಚಿಕೊಂಡು, ತಪ್ಪು ಬಾಗಿಲಿಗೆ ಹೋದಾಗ ಮಾತ್ರ "ಯಾವಾಗ ನೋಡಿದೆ?" ಎಂದು ಕೇಳಿ. ಇನ್ನೊಂದು ದೋಷ, ತಲೆ ಆಡಿಸುವುದು ಮಾತ್ರ ಅಭ್ಯಾಸವಾಗಿ ಏನೂ ಕಾಣದಿರುವುದು. ಹಿಂದಿನವನು ಬೆರಳು ತೋರಿಸಲಿ, ತಿರುಗಿದ ಮೇಲೆ ಎಷ್ಟು ಬೆರಳಿತ್ತೆಂದು ಹುಡುಗ ಹೇಳಲಿ. ಪೊಳ್ಳು ನೋಟ ಆಗ ಗೊತ್ತಾಗುತ್ತದೆ.

ಗಟ್ಟಿ ಕೆಮ್ಮಣ್ಣಿನ ಮೈದಾನದಲ್ಲಿ ಚೆಂಡು ಪುಟಿಯುವುದರಿಂದ ಮಕ್ಕಳು ಕಣ್ಣು ತೆಗೆಯಲು ಹೆದರುತ್ತಾರೆ, ಅದು ಸಹಜ. ಶುರುವಿನ ಕೆಲವು ವಾರ ಪುಟಿತ ಕಡಿಮೆಯಿರುವ 4ನೇ ಅಳತೆಯ ಫುಟ್ಸಾಲ್ ಚೆಂಡು ಬಳಸಿ.

ರೊಂಡೊ ಸರಿಯಾಗಿ ಆಡಿಸುವುದು

ರೊಂಡೊ ಎಂದರೆ ಸುತ್ತ ನಿಂತವರು ಚೆಂಡು ಉಳಿಸಿಕೊಳ್ಳುವ, ನಡುವಿನವರು ಅದನ್ನು ಕಸಿಯುವ ಆಟ. ಸುತ್ತ ನಾಲ್ವರು, ನಡುವೆ ಇಬ್ಬರು. ಎಲ್ಲರೂ ಆಡುತ್ತಾರೆ, ಬಹಳ ಕಡೆ ವಾರ್ಮ್‌ಅಪ್ ನಗೆಯಾಟವಾಗಿ ಮುಗಿಯುತ್ತದೆ. ಇದು ಮಿಡ್‌ಫೀಲ್ಡರನ ಮುಖ್ಯ ಪಾಠ ಆಗಬೇಕಾದರೆ ಅಳತೆ ಮುಖ್ಯ. ಹೊಸಬರಿಗೆ 10 ಮೀಟರ್ ಚೌಕ, ಪಳಗಿದವರಿಗೆ 8 ಮೀಟರ್. ಗರಿಷ್ಠ ಎರಡು ಟಚ್. ಒಂದು ಸುತ್ತು ಎರಡೂವರೆ ಮೂರು ನಿಮಿಷ, ನಡುವೆ ಒಂದು ನಿಮಿಷ ವಿಶ್ರಾಂತಿ, ಒಟ್ಟು ನಾಲ್ಕು ಸುತ್ತು. ಚೌಕ ದೊಡ್ಡದಾದರೆ ನೋಡದೆಯೂ ಬಚಾವಾಗಬಹುದು, ಹಾಗಾಗಿ ಯಾರೂ ನೋಡುವುದಿಲ್ಲ. ತೀರಾ ಸಣ್ಣದಾದರೆ ಚೆಂಡು ಕಾಲಿಗೆ ಬಡಿದು ಹೊರಗೆ ಹೋಗುತ್ತದೆ, ಕಲಿಕೆ ನಿಲ್ಲುತ್ತದೆ. ಆರೇಳು ಪಾಸ್‌ಗೆ ಒಮ್ಮೆ ಚೆಂಡು ಕಳೆಯುತ್ತಿದ್ದರೆ ಅಳತೆ ಸರಿಯಾಗಿದೆ ಎಂದು ತಿಳಿಯಿರಿ.

ಪಾಸ್ ಯಾವ ಕಾಲಿಗೆ ಹೋಗುತ್ತಿದೆ ಎಂಬುದನ್ನು ಪಟ್ಟು ಹಿಡಿದು ತಿದ್ದಿ. ಎದುರಾಳಿಯಿಂದ ದೂರವಿರುವ ಕಾಲಿಗೆ ಹೋಗಬೇಕು. ಹತ್ತಿರದ ಕಾಲಿಗೆ ಕೊಟ್ಟರೆ ಹಿಡಿಯುವವನ ಮೈ ಮುಚ್ಚಿಕೊಳ್ಳುತ್ತದೆ, ಮುಂದಿನ ಪಾಸ್ ಬಂದ ದಾರಿಯಲ್ಲೇ ಹೋಗಬೇಕಾಗುತ್ತದೆ, ನಡುವಿನ ಇಬ್ಬರಿಗೆ ಅದು ಮೊದಲೇ ಗೊತ್ತಿರುತ್ತದೆ. ರೊಂಡೊ ಮುರಿಯುವುದು ಕೊನೆಯ ಪಾಸ್‌ನಲ್ಲಿ ಎಂದು ಕಾಣುತ್ತದೆ, ತಪ್ಪು ಅದಕ್ಕೂ ಒಂದೆರಡು ಪಾಸ್ ಹಿಂದೆ ಆಗಿರುತ್ತದೆ. ತಿದ್ದುವಾಗ ಚೆಂಡು ಕಳೆದವನನ್ನಲ್ಲ, ಅವನಿಗೆ ಕೊಟ್ಟವನನ್ನು ಕೇಳಿ. ನಡುವಿನ ಇಬ್ಬರು ನಿಜವಾಗಿ ಓಡದಿದ್ದರೆ ಇಡೀ ಅಭ್ಯಾಸ ವ್ಯರ್ಥ, ಆದ್ದರಿಂದ ಅವರನ್ನು ಒಂದು ನಿಮಿಷಕ್ಕಿಂತ ಹೆಚ್ಚು ನಡುವೆ ಬಿಡಬೇಡಿ.

ಆದರೆ ರೊಂಡೊದಲ್ಲಿ ದಿಕ್ಕಿಲ್ಲ, ಗೋಲಿಲ್ಲ. ಪೆದ್ರಿಯ ಕೆಲಸಕ್ಕೆ ಹತ್ತಿರವಾದದ್ದು ನಾಲ್ವರ ಎದುರು ನಾಲ್ವರು, ಜೊತೆಗೆ ಯಾವಾಗಲೂ ಚೆಂಡಿದ್ದವರ ಪರ ಆಡುವ ಮೂವರು. 30 ಮೀಟರ್ ಉದ್ದ, 20 ಮೀಟರ್ ಅಗಲ. ಆ ಮೂವರಲ್ಲಿ ಇಬ್ಬರು ಎರಡು ತುದಿಗಳಲ್ಲಿ, ಒಬ್ಬ ನಟ್ಟನಡುವೆ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡುವಿನವನ ಮೂಲಕ ಚೆಂಡು ತಲುಪಿದರೆ ಅಂಕ. ಅವನನ್ನು ಬಿಟ್ಟು ಮೇಲಿಂದ ಎತ್ತಿ ಹೊಡೆದರೆ ಅಂಕವಿಲ್ಲ. ನಾಲ್ಕು ನಿಮಿಷದ ನಾಲ್ಕು ಸುತ್ತು, ಒಂದೂವರೆ ನಿಮಿಷ ವಿರಾಮ, ಪ್ರತಿ ಸುತ್ತಿಗೂ ನಡುವಿನವನನ್ನು ಬದಲಿಸಿ.

ನಡುವಿನವನು ಸಾಮಾನ್ಯವಾಗಿ ಚೆಂಡಿನ ಹತ್ತಿರಕ್ಕೆ ಓಡುತ್ತಲೇ ಇರುತ್ತಾನೆ. ಓಡಿದಷ್ಟೂ ತನ್ನ ಎದುರಾಳಿಯನ್ನು ಜೊತೆಗೇ ಎಳೆದು ತಂದು, ಇರುವ ಜಾಗವನ್ನೂ ತುಂಬಿಬಿಡುತ್ತಾನೆ. ಪೆದ್ರಿಯನ್ನು ಗಮನಿಸಿ: ಎದುರಾಳಿ ಚೆಂಡಿನತ್ತ ನೋಡುತ್ತಿರುವಾಗ ಅವನ ಬೆನ್ನ ಹಿಂದಿನ, ಅವನಿಗೆ ಕಾಣದ ಜಾಗದಲ್ಲಿ ನಿಲ್ಲುತ್ತಾರೆ. ಒಂದೆರಡು ಹೆಜ್ಜೆ ಚೆಂಡಿನಿಂದ ದೂರ ಸರಿದು, ಪಾಸ್ ಕೊಡುವವನು ತಲೆ ಎತ್ತಿದಾಗ ಮಾತ್ರ ಚುರುಕಾಗಿ ಒಳಗೆ ಬರುತ್ತಾರೆ. ಮೊದಲೇ ಬಂದರೆ ಎದುರಾಳಿ ಅಂಟಿಕೊಳ್ಳುತ್ತಾನೆ, ತಡವಾದರೆ ಪಾಸ್ ಬೇರೆಡೆ ಹೋಗಿರುತ್ತದೆ. ಇದನ್ನು ಹುಡುಗರಿಗೆ ಮಾತಿನಲ್ಲಿ ಹೇಳುವುದಕ್ಕಿಂತ ಆಟ ನಿಲ್ಲಿಸಿ, ಎದುರಾಳಿಯ ಮುಖ ಯಾವ ಕಡೆಗಿದೆ ಎಂದು ತೋರಿಸುವುದು ಬೇಗ ತಲೆಗೆ ಹೋಗುತ್ತದೆ.

ತಡೆದು ಆಡುವುದು

ಸ್ಪೇನಿನಲ್ಲಿ ಇದನ್ನು ಪೌಸಾ ಅನ್ನುತ್ತಾರೆ. ಚೆಂಡು ಕಾಲಲ್ಲಿಟ್ಟುಕೊಂಡು, ಎದುರಾಳಿ ತೂಕವನ್ನು ಒಂದು ಕಾಲಿಗೆ ಹಾಕುವವರೆಗೆ ಕಾಯುವುದು. 2022ರ ಏಪ್ರಿಲ್ 3ರಂದು ಸೆವಿಯಾ ವಿರುದ್ಧದ ಗೋಲನ್ನು ನಿಧಾನಗತಿಯಲ್ಲಿ ನೋಡಿ. ಪೆದ್ರಿ ಹೊಡೆಯುವಂತೆ ಕಾಲೆತ್ತುತ್ತಾರೆ, ಡಿಫೆಂಡರ್ ತಡೆಯಲು ಜಾರುತ್ತಾನೆ, ಪೆದ್ರಿ ಹೊಡೆಯುವುದಿಲ್ಲ. ಮತ್ತೊಮ್ಮೆ ಅದೇ. ಆಮೇಲೆ ಪೆನಾಲ್ಟಿ ಪೆಟ್ಟಿಗೆಯ ಹೊರಗಿನಿಂದ ನೆಲಕ್ಕೆ ಹತ್ತಿ ಮೂಲೆಗೆ. ಪಂದ್ಯ ಮುಗಿದದ್ದು 1–0. ಮಾರ್ಚ್ 17ರಂದು ಗಲಟಾಸರಾಯ್ ವಿರುದ್ಧವೂ ಇಂಥದ್ದೇ ಗೋಲು ಹೊಡೆದಿದ್ದರು. ಮೂರು ವಾರದೊಳಗೆ ಎರಡು ಸಲ ಆದದ್ದು ಅದೃಷ್ಟವಲ್ಲ.

ಅಭ್ಯಾಸಕ್ಕೆ 12 ಮೀಟರ್ ಉದ್ದ, 8 ಮೀಟರ್ ಅಗಲದ ಓಣಿ. ಇಬ್ಬರ ಎದುರು ಒಬ್ಬ ಡಿಫೆಂಡರ್. ಚೆಂಡಿದ್ದವನು ಡಿಫೆಂಡರ್‌ನ ನೇರಕ್ಕೆ ಸಾಗಬೇಕು. ಡಿಫೆಂಡರ್ ಒಂದೂವರೆ ಮೀಟರ್‌ನೊಳಗೆ ಬಂದು ಹೆಜ್ಜೆ ಹಾಕಿದ ಮೇಲಷ್ಟೇ ಪಾಸ್. ಬೇಗ ಕೊಟ್ಟರೆ ಡಿಫೆಂಡರ್ ಇನ್ನೂ ಎರಡೂ ಕಡೆಗೆ ಹೋಗಬಲ್ಲ, ಸಂಗಾತಿ ಸಿಕ್ಕಿಬೀಳುತ್ತಾನೆ. ಎದೆಯ ಕೆಳಗೆ ಚೆಂಡು ಹೂತು ತಲೆ ತಗ್ಗಿಸಿ ಸಾಗಿದರೆ ಆ ಹೆಜ್ಜೆ ಕಾಣುವುದೇ ಇಲ್ಲ. ಚೆಂಡನ್ನು ಅರ್ಧ ಮೀಟರ್ ಮುಂದೆ, ಹೊರಗಾಲಿನ ಪಕ್ಕಕ್ಕೆ ಇಟ್ಟುಕೊಂಡು ಸಣ್ಣ ಸಣ್ಣ ಟಚ್‌ನಲ್ಲಿ ಹೋದರೆ ತಲೆ ಮೇಲಿರುತ್ತದೆ. ಒಬ್ಬೊಬ್ಬನಿಗೆ ಎಂಟರಿಂದ ಹತ್ತು ಸಲ ಮಾಡಿಸಿ, ನಿಲ್ಲಿಸಿ. ದಣಿದ ಮೇಲೆ ಎಲ್ಲರೂ ಬೇಗ ಕೊಟ್ಟು ಮುಗಿಸುತ್ತಾರೆ, ಕೆಟ್ಟ ಚಾಳಿ ಅಲ್ಲಿ ಹುಟ್ಟುತ್ತದೆ.

ನಿಮಿಷಗಳ ಲೆಕ್ಕ

ಈ ಭಾಗವನ್ನು ಹೆತ್ತವರು ಓದದೆ ಬಿಡಬಾರದು.

2020–21ರಲ್ಲಿ ಪೆದ್ರಿ ಕ್ಲಬ್ ಮತ್ತು ದೇಶ ಸೇರಿ 73 ಪಂದ್ಯ ಆಡಿದರು. ಬಾರ್ಸಿಲೋನಾ ಪರವೇ 52. ಯೂರೋದಲ್ಲಿ ಸ್ಪೇನ್ ಆಡಿದ ಆರು ಪಂದ್ಯಗಳಲ್ಲಿ ಒಂದು ನಿಮಿಷ ಬಿಟ್ಟು ಉಳಿದೆಲ್ಲ ಮೈದಾನದಲ್ಲಿದ್ದರು, ಅದರಲ್ಲಿ ಮೂರು ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗಿದ್ದವು. ಅಲ್ಲಿಂದ ನೇರ ಟೋಕಿಯೊ ಒಲಿಂಪಿಕ್ಸ್. ಆಗಸ್ಟ್ 7ರಂದು ಬ್ರೆಜಿಲ್ ಎದುರು ಫೈನಲ್ ಸೋತು ಬೆಳ್ಳಿ. ಆಗಸ್ಟ್ ಮಧ್ಯದಲ್ಲಿ ಮತ್ತೆ ಬಾರ್ಸಿಲೋನಾ ಅಂಗಿ. ಆ ವರ್ಷ ಎಳೆಯ ಆಟಗಾರರಿಗೆ ಕೊಡುವ ಪ್ರಶಸ್ತಿಗಳಾದ ಕೋಪಾ ಟ್ರೋಫಿ, ಗೋಲ್ಡನ್ ಬಾಯ್ ಎರಡೂ ಬಂದವು, ಆದರೆ ಸೆಪ್ಟೆಂಬರಿನಲ್ಲಿ ಎಡತೊಡೆಯ ಮುಂಭಾಗದ ಸ್ನಾಯು ಹೋಯಿತು. ತಿಂಗಳ ಕೊನೆಗೆ ಬೆನ್ಫಿಕಾ ವಿರುದ್ಧ ಮರಳಿದರು, ಮತ್ತೆ ಅದೇ ನೋವು, 2022ರ ಜನವರಿಯವರೆಗೆ ಹೊರಗೆ. ಏಪ್ರಿಲ್‌ನಲ್ಲಿ ಫ್ರಾಂಕ್‌ಫರ್ಟ್ ವಿರುದ್ಧ ಎಡತೊಡೆಯ ಹಿಂಭಾಗ. 2023ರ ಫೆಬ್ರವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಬಲತೊಡೆಯ ಮುಂಭಾಗ. ಅದೇ ತೊಡೆ 2024ರ ಮಾರ್ಚ್‌ನಲ್ಲಿ ಬಿಲ್ಬಾವೊದಲ್ಲಿ ಮತ್ತೆ.

ಇವುಗಳಲ್ಲಿ ಯಾವುದೂ ಎದುರಾಳಿ ಒದ್ದು ಆದ ಗಾಯವಲ್ಲ. 2024ರ ಜುಲೈ 5ರಂದು ಜರ್ಮನಿಯ ಟೋನಿ ಕ್ರೂಸ್ ಟ್ಯಾಕಲ್‌ನಲ್ಲಿ ಎಡಮೊಣಕಾಲಿಗೆ ಆದ ಪೆಟ್ಟು ಬೇರೆ ಜಾತಿಯದು, ಹಾಗೆಯೇ ಅವರ ಜೊತೆಗಾರ ಗಾವಿಗೆ 2023ರ ನವೆಂಬರಿನಲ್ಲಿ ಜಾರ್ಜಿಯಾ ವಿರುದ್ಧ ಮೊಣಕಾಲಿನ ಮುಖ್ಯ ಅಸ್ಥಿರಜ್ಜು ಹರಿದದ್ದೂ. ಗಾಯದ ಪಟ್ಟಿ ಓದುವಾಗ ಈ ಎರಡನ್ನು ಬೇರ್ಪಡಿಸಿ. ಪೆಟ್ಟು ಆಕಸ್ಮಿಕ. ಯಾರೂ ಮುಟ್ಟದೆ ತೊಡೆ ಹಿಡಿದುಕೊಂಡು ಕೂತದ್ದು, ಅದೂ ಮತ್ತೆ ಮತ್ತೆ ಅದೇ ಜಾಗದಲ್ಲಿ, ಹೊರೆ ಮತ್ತು ಚೇತರಿಕೆಯ ಪ್ರಶ್ನೆ.

ನಿಮ್ಮ ಹುಡುಗನಿಗೆ ಲೆಕ್ಕ ಹೀಗಿಡಿ. ಶಾಲೆ, ಕ್ಲಬ್, ಜಿಲ್ಲೆ, ಸ್ನೇಹಿತರ ಟರ್ಫ್ ಆಟ, ಎಲ್ಲವೂ ಒಂದೇ ಪುಸ್ತಕದಲ್ಲಿ. ಇದು ಹೆಚ್ಚಾಗಿ ಕೆಡುವುದು ಇಲ್ಲೇ: ಪ್ರತಿ ಕೋಚ್‌ಗೂ ತನ್ನ ಪಾಲಿನ ನಿಮಿಷ ಮಾತ್ರ ಗೊತ್ತಿರುತ್ತದೆ, ಒಟ್ಟು ಮೊತ್ತ ಯಾರಿಗೂ ಗೊತ್ತಿರುವುದಿಲ್ಲ. ಆಟ ಮುಗಿದ ಅರ್ಧ ಗಂಟೆಯ ಮೇಲೆ ಎಷ್ಟು ಕಷ್ಟವಾಯಿತೆಂದು 10ರಲ್ಲಿ ಒಂದು ಅಂಕ ಕೇಳಿ, ನಿಮಿಷದಿಂದ ಗುಣಿಸಿ. 90 ನಿಮಿಷದ ಪಂದ್ಯಕ್ಕೆ 8 ಎಂದರೆ 720. ಒಂದು ಗಂಟೆಯ ಹಗುರ ಅಭ್ಯಾಸಕ್ಕೆ 4 ಎಂದರೆ 240. ವಾರದ ಮೊತ್ತವನ್ನು ಹಿಂದಿನ ನಾಲ್ಕು ವಾರದ ಸರಾಸರಿಗೆ ಹೋಲಿಸಿ. ಸರಾಸರಿ 1,500 ಇದ್ದವನು ಟೂರ್ನಿಯ ವಾರದಲ್ಲಿ 2,400ಕ್ಕೆ ಹಾರಿದರೆ ಮುಂದಿನ ವಾರ ಕಡಿತ ಕಡ್ಡಾಯ. ಅಂಕಿ ಕಾನೂನಲ್ಲ, ಎಚ್ಚರಿಕೆ ಗಂಟೆ. ಆಟದಾಸೆಗೆ ಮಕ್ಕಳು ಕಡಿಮೆ ಅಂಕ ಹೇಳುವುದುಂಟು, ನಿದ್ದೆ ಮತ್ತು ಬೆಳಗಿನ ಕಾಲುನೋವನ್ನೂ ಪಕ್ಕದಲ್ಲಿ ಬರೆಯಿರಿ. ಋತು ಮುಗಿದ ಮೇಲೆ ನಾಲ್ಕು ವಾರ ಸ್ಪರ್ಧೆಯಿಲ್ಲ, ಅದರಲ್ಲಿ ಮೊದಲೆರಡು ವಾರ ಚೆಂಡೂ ಇಲ್ಲ.

ಸ್ನಾಯು ಗಟ್ಟಿಮಾಡುವ ಕೆಲಸಕ್ಕೆ ಜಿಮ್ ಬೇಕಿಲ್ಲ. ಫಿಫಾದ 11+ ವಾರ್ಮ್‌ಅಪ್ 14 ದಾಟಿದವರಿಗೆ ಹೇಳಿ ಮಾಡಿಸಿದ್ದು. 8 ನಿಮಿಷ ಓಟ, 10 ನಿಮಿಷ ಬಲ, ನೆಗೆತ, ಸಮತೋಲನ, 2 ನಿಮಿಷ ವೇಗದ ಓಟ, ಒಟ್ಟು 15 ವ್ಯಾಯಾಮ, ವಾರಕ್ಕೆ ಕನಿಷ್ಠ ಎರಡು ಸಲ. ಪಂದ್ಯದ ದಿನ ಓಟದ ಭಾಗಗಳು ಮಾತ್ರ. ಅದರೊಳಗೆ ತೊಡೆಯ ಹಿಂಭಾಗಕ್ಕೆ ನಾರ್ಡಿಕ್ ಎಂಬ ವ್ಯಾಯಾಮ ಇದೆ: ಮಂಡಿಯೂರಿ ನಿಂತು, ಸಂಗಾತಿ ಕಣಕಾಲು ಹಿಡಿದಿರುವಾಗ, ದೇಹವನ್ನು ಹಲಗೆಯಂತೆ ನೇರ ಇಟ್ಟು ನಿಧಾನ ಮುಂದಕ್ಕೆ ಬಾಗುವುದು. ಆರಂಭಕ್ಕೆ 3ರಿಂದ 5 ಸಲ, ಮುಂದಿನ ಹಂತದಲ್ಲಿ 7ರಿಂದ 10, ಕೊನೆಗೆ 12ರಿಂದ 15. ಸೊಂಟ ಮಡಚಿದರೆ ಭಾರ ಸ್ನಾಯುವಿಗೆ ಬೀಳುವುದಿಲ್ಲ, ಇದು ಎಲ್ಲರೂ ಮಾಡುವ ತಪ್ಪು. ಮೊದಲ ವಾರ ಕಾಲು ಹಿಡಿದುಕೊಂಡು ನೋಯುತ್ತದೆ, ಅದಕ್ಕೆ ಹೆದರಿ ಬಿಡುವವರೇ ಹೆಚ್ಚು. ಪಂದ್ಯದ ಹಿಂದಿನ ದಿನ ಮಾಡಬೇಡಿ, ಅಷ್ಟೇ.

ಪೆದ್ರಿಗೆ ಪದೇ ಪದೇ ಕೈಕೊಟ್ಟ ತೊಡೆಯ ಮುಂಭಾಗದ ಸ್ನಾಯು ಸೊಂಟ ಮತ್ತು ಮೊಣಕಾಲು ಎರಡನ್ನೂ ದಾಟುತ್ತದೆ. ಕಾಲು ಹಿಂದಕ್ಕೆ ಎಳೆದು ಜೋರಾಗಿ ಹೊಡೆಯುವಾಗ ಹಿಗ್ಗಿ, ಅದೇ ಕ್ಷಣ ಬಿಗಿಯಬೇಕಾದ್ದರಿಂದ ಹರಿಯುವ ಸಾಧ್ಯತೆ ಹೆಚ್ಚು. ಇದಕ್ಕೆ ನಾರ್ಡಿಕ್‌ನ ಉಲ್ಟಾ: ಮಂಡಿಯೂರಿ, ನೇರ ದೇಹದೊಂದಿಗೆ ಹಿಂದಕ್ಕೆ ಬಾಗಿ ಮರಳುವುದು, 6ರ ಎರಡು ಸುತ್ತು, ವಾರಕ್ಕೆರಡು ಸಲ. ರಜೆಯ ನಂತರದ ಮೊದಲ ದಿನವೇ ದೂರದ ಹೊಡೆತಗಳ ಅಭ್ಯಾಸ ಮಾಡಿಸುವುದು ಈ ಸ್ನಾಯುವಿಗೆ ಶತ್ರು. ಮೊದಲ ವಾರ 20ಕ್ಕಿಂತ ಹೆಚ್ಚು ಜೋರು ಹೊಡೆತ ಬೇಡ.

2024–25ರಲ್ಲಿ ಫ್ಲಿಕ್ ಬಂದಾಗ ಹೂಲಿಯೋ ತೌಸ್ ನೇತೃತ್ವದ ದೈಹಿಕ ತರಬೇತಿ ಶುರುವಾಯಿತು. ಆ ಋತುವಿನಲ್ಲಿ ಪೆದ್ರಿ ಬಾರ್ಸಿಲೋನಾ ಪರ ಸುಮಾರು 60 ಪಂದ್ಯ ಆಡಿದರು. ಲಾ ಲೀಗಾ, ಕೋಪಾ ದೆಲ್ ರೇ, ಸೂಪರ್ ಕಪ್ ಮೂರನ್ನೂ ತಂಡ ಗೆದ್ದಿತು. ಪಂದ್ಯಗಳ ಸಂಖ್ಯೆ ಹದಿನೆಂಟರಲ್ಲಿ ಆಡಿದ್ದಕ್ಕಿಂತ ಬಹಳ ಕಡಿಮೆಯೇನಲ್ಲ. ಬದಲಾದದ್ದು ಇಪ್ಪತ್ತೆರಡಕ್ಕೆ ಬಲಿತ ಮೈ, ಬಲದ ತರಬೇತಿ, ಆಡುವ ಜಾಗ. ಇವುಗಳಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂದು ಹೊರಗಿನಿಂದ ಅಳೆಯಲಾಗದು, ಆದರೆ ಹದಿನೆಂಟರಲ್ಲಿ ಈ ಮೂರೂ ಹೀಗಿರಲಿಲ್ಲ.

ತೊಡೆ ಎಳೆದುಕೊಂಡ ಹುಡುಗನನ್ನು ಮರಳಿ ಇಳಿಸುವಾಗ ದಿನ ಎಣಿಸಬೇಡಿ. ಒತ್ತಿದರೆ ನೋವಿಲ್ಲ, ಎರಡೂ ಕಾಲು ಸಮನಾಗಿ ಚಾಚುತ್ತವೆ, ನೇರ ಓಟ, ತಿರುಗಿ ಓಡುವುದು, ಪೂರ್ತಿ ವೇಗದ 30 ಮೀಟರ್ ಓಟ, ಜೋರು ಹೊಡೆತ, ಈ ಕ್ರಮದಲ್ಲಿ ಒಂದೊಂದಾಗಿ ನೋವಿಲ್ಲದೆ, ಅಳುಕಿಲ್ಲದೆ ದಾಟಬೇಕು. ಹಂತಗಳ ನಡುವೆ ಕನಿಷ್ಠ ಒಂದು ದಿನ ಬಿಡಿ, ಮರುದಿನ ಬೆಳಗ್ಗೆ ಬಿಗಿತ ಬಂದರೆ ಒಂದು ಹಂತ ಹಿಂದಕ್ಕೆ. ಕೊನೆಯ ಹಂತ ಮುಗಿದ ಮೇಲೆ ತಂಡದ ಜೊತೆ ನಾಲ್ಕೈದು ಪೂರ್ತಿ ಅಭ್ಯಾಸ, ಆಮೇಲೆ ಮೊದಲ ಪಂದ್ಯ 20 ನಿಮಿಷ, ಎರಡನೆಯದು 45. ಫಿಸಿಯೊ ಇದ್ದರೆ ಅವರ ಮಾತೇ ಅಂತಿಮ. ಸೆಮಿಫೈನಲ್ ಇದೆ ಎಂಬುದು ಹಂತ ಹಾರಿಸಲು ಕಾರಣವಲ್ಲ.